ಬರೆಯುವವರಿಗೆ ಏನು ಕೊಡುವುದು?

ಈ ಸಲದ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯಕ್ಕೆ ಸೇರಿದ್ದವು. ಮನೆಯಲ್ಲೋ ನೆಂಟರಲ್ಲೋ ಗೆಳೆಯರಲ್ಲೋ ಬರೆಯುವ ಹುಚ್ಚಿರುವವರೊಬ್ಬರಿದ್ದಾರೆ, ಅವರಿಗೆ ಏನು ಕೊಟ್ಟರೆ ಒಪ್ಪುತ್ತದೆ ಎಂಬುದು ಎಲ್ಲರ ಕೇಳಿಕೆ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವುಗಳಿಗೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರು. ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ತಮ್ಮ ಬಾಲ್ಯದ ನೆನಪುಗಳನ್ನು ಬರೆಯಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇದೆ. ಅಣ್ಣನೂ ನಾನೂ ಸೇರಿ ಐದು ಸಾವಿರ ರೂಪಾಯಿಯೊಳಗೆ ಒಳ್ಳೆಯ ಇಂಕ್ ಪೆನ್ನೊಂದನ್ನೂ ಚರ್ಮದ ರಟ್ಟಿನ ಡೈರಿಯೊಂದನ್ನೂ ಕೊಡಬೇಕೆಂದಿದ್ದೇವೆ. ಆರಿಸುವುದು ಹೇಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಂಗಡಿಗೆ ಹೋಗುವ ಮೊದಲು ನಿಮ್ಮ ತಂದೆಯವರ ಮೇಜಿನ ಬಳಿ ಹೋಗಿ. ಅವರು ಬರೆದಿಟ್ಟ ಹಾಳೆಯೊಂದನ್ನು ತಿರುಗಿಸಿ, ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಕ್ಷರಗಳು ಉಬ್ಬಿ ಬೆರಳಿಗೆ ತಾಗಿದರೆ ಅವರದು ಒತ್ತಿ ಬರೆಯುವ ಕೈ ಎಂದರ್ಥ. ದಶಕಗಳ ಕಾಲ ಕೆಂಪು ಬಾಲ್ ಪೆನ್ನಿನಿಂದ ಉತ್ತರ ಪತ್ರಿಕೆಗಳನ್ನು ತಿದ್ದಿದವರ ಕೈ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆ ಒತ್ತಡವನ್ನು ನಿಬ್ಬಿನ ಮೇಲೆ ಹಾಕಿದರೆ ಅದರ ಎರಡು ಎಸಳುಗಳೂ ಅಗಲಿ, ಕೆಲವೇ ವಾರಗಳಲ್ಲಿ ಪೆನ್ನು ಕೆಟ್ಟು ಕೂರುತ್ತದೆ. ಮಕ್ಕಳು ಕೊಟ್ಟಿದ್ದನ್ನು ಹಾಳುಮಾಡಿದೆನಲ್ಲ ಎಂಬ ಸಂಕಟ ಅವರಿಗೆ ಬೇರೆ. ಅಂಥವರಿಗೆ ತುಸು ದಪ್ಪ ಹಿಡಿಕೆಯ, ಸುಲಭವಾಗಿ ಜಾರುವ ಜೆಲ್ ಪೆನ್ನುಗಳನ್ನೂ ಅವುಗಳ ರಿಫಿಲ್‌ಗಳನ್ನೂ ಒಂದು ವರ್ಷಕ್ಕೆ ಆಗುವಷ್ಟು ಕೊಡುವುದು ಹೆಚ್ಚು ಉಪಕಾರ.

ಹಾಳೆಯ ಹಿಂಬದಿ ನುಣುಪಾಗಿದ್ದರೆ ಅಥವಾ ಅವರು ಹಿಂದೆ ಇಂಕ್ ಪೆನ್ನಿನಲ್ಲಿ ಬರೆಯುತ್ತಿದ್ದವರಾದರೆ, ನಿಮ್ಮ ಆಲೋಚನೆ ಸರಿಯಾಗಿಯೇ ಇದೆ. ಆದರೆ ನಿಬ್ಬನ್ನು ಕನ್ನಡಕ್ಕೆ ನೋಡಿ ಆರಿಸಬೇಕು. ನಮ್ಮ ಅಕ್ಷರಗಳ ಬೆಡಗೆಲ್ಲ ಸಣ್ಣ ಸಣ್ಣ ಗುರುತುಗಳಲ್ಲಿದೆ. ದಕಾರದ ಹೊಟ್ಟೆ ಸೀಳಿದರೆ ಧಕಾರ, ನಡುವೆ ಒಂದು ಚುಕ್ಕಿ ಇಟ್ಟರೆ ಥಕಾರ; ಅಗಲ ನಿಬ್ಬಿನಲ್ಲಿ ಬರೆದರೆ ಸೀಳೂ ಚುಕ್ಕಿಯೂ ಮಸಿಯಲ್ಲಿ ಮುಚ್ಚಿಹೋಗುತ್ತವೆ. ಒತ್ತಕ್ಷರಗಳ ಪಾಡಂತೂ ಹೇಳುವುದೇ ಬೇಡ. ಆದ್ದರಿಂದ ಫೈನ್ ನಿಬ್ಬೇ ನಮಗೆ ಒಳ್ಳೆಯದು. ಜಪಾನಿನ ಕಂಪನಿಗಳ ಫೈನ್ ಸಾಮಾನ್ಯವಾಗಿ ಯೂರೋಪಿನವರ ಫೈನ್‌ಗಿಂತ ಸಣ್ಣಗೆ ಬರೆಯುತ್ತದೆ ಎಂಬುದೂ ಗಮನದಲ್ಲಿರಲಿ. ಅಂಗಡಿಯಲ್ಲಿ ಪೆನ್ನು ಪರೀಕ್ಷಿಸುವವರು ಇಂಗ್ಲಿಷಿನಲ್ಲಿ ರುಜು ಹಾಕಿಯೋ ಸುರುಳಿ ಸುತ್ತಿಯೋ ತೃಪ್ತರಾಗುತ್ತಾರೆ. ನೀವು ‘ಧೃತರಾಷ್ಟ್ರ’ ಎಂದು ಬರೆದು ನೋಡಿ. ಆ ಒಂದು ಹೆಸರು ತಪ್ಪಿಲ್ಲದೆ, ತಿಳಿಯಾಗಿ ಮೂಡಿದರೆ ಪೆನ್ನು ಮನೆಗೆ ಬರಲಿ.

ಬಾಟಲಿಯಿಂದ ಮಸಿ ತುಂಬಲು ಬರುವ ಪೆನ್ನನ್ನೇ ಕೊಳ್ಳಿ. ಮಸಿ ತುಂಬಿಯೇ ಬರುವ ಕೊಳವೆ (ಕಾರ್ಟ್ರಿಜ್) ಬದಲಿಸುವ ಬಗೆಯದಾದರೆ ಆ ಕೊಳವೆಗಳಿಗಾಗಿ ಸಣ್ಣ ಊರುಗಳಲ್ಲಿ ಅಲೆಯಬೇಕಾಗುತ್ತದೆ. ಜೊತೆಗೆ ಕೊಡುವ ಮಸಿ ತೊಳೆದರೆ ಹೋಗುವ ರಾಯಲ್ ಬ್ಲೂ ಆಗದಿರಲಿ. ನೆನಪುಗಳನ್ನು ಬರೆದಿಡುವವರಿಗೆ ನೀರು ಬಿದ್ದರೂ ಉಳಿಯುವ ಶಾಶ್ವತ ಮಸಿ ಬೇಕು. ಹಾಗೆಂದು ಚಿತ್ರ ಬರೆಯುವವರ ಇಂಡಿಯನ್ ಇಂಕನ್ನು ತರಬೇಡಿ. ಅದು ನೀರಿಗೆ ಅಳಿಯುವುದಿಲ್ಲ ಎಂಬ ಜಾಣತನದಿಂದ ನಾನು ಒಮ್ಮೆ, ಮಾವನವರು ಕೊಟ್ಟ ಪೆನ್ನಿಗೆ ಅದನ್ನೇ ತುಂಬಿದೆ. ಆ ಮಸಿಯಲ್ಲಿ ಅರಗು ಇರುತ್ತದೆ. ನಿಬ್ಬಿನ ಅಡಿಯ ನಾಲಗೆಯ ಸಂದಿನಲ್ಲಿ ಒಣಗಿ ಗಟ್ಟಿಯಾದ ಅದು ಬಿಸಿನೀರಿಗೂ ಜಗ್ಗಲಿಲ್ಲ. ಪೆನ್ನು ಇಂದಿಗೂ ಮೇಜಿನ ಡ್ರಾಯರಿನಲ್ಲಿದೆ, ಬರೆಯುವುದಿಲ್ಲ.

ಇನ್ನು ಚರ್ಮದ ಡೈರಿ. ನಿಮ್ಮ ಊರಿನ ಮಳೆಗಾಲದಲ್ಲಿ ಚೀಲ, ಚಪ್ಪಲಿ, ಬೆಲ್ಟುಗಳ ಗತಿ ಏನಾಗುತ್ತದೆಂದು ನಿಮಗೇ ಗೊತ್ತು. ಡೈರಿಯ ರಟ್ಟಿಗೂ ಅದೇ ಬೂಷ್ಟು ಹಿಡಿಯುತ್ತದೆ. ಕೈಯಿಂದ ಮಾಡಿದ ಕಾಗದದ ಪುಸ್ತಕ ಕಣ್ಣಿಗೆ ಸೊಗಸು, ಆದರೆ ಅದಕ್ಕೆ ಸಾಕಷ್ಟು ಗಂಜಿ ಕೊಟ್ಟಿರದಿದ್ದರೆ ಇಂಕು ದಾರ ದಾರವಾಗಿ ಹರಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅತಿ ಚೆಂದದ ಪುಸ್ತಕದ ಮೊದಲ ಪುಟದಲ್ಲಿ ಬರೆಯಲು ಬರೆಯುವವರಿಗೇ ಅಂಜಿಕೆ. ಚಿತ್ತು ಮಾಡಿದರೆ ಹಾಳಾದೀತು ಎಂದು ಅದನ್ನು ಬೀರುವಿನಲ್ಲಿಟ್ಟು, ಬರೆಯುವುದನ್ನು ಹಳೆಯ ಲಾಂಗ್ ಬುಕ್ಕಿನಲ್ಲೇ ಬರೆಯುತ್ತಾರೆ. ನನ್ನ ಸಲಹೆಯೆಂದರೆ, 100 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 100 ಗ್ರಾಂ ತೂಗುವ ನುಣುಪು ಹಾಳೆಗಳನ್ನು ಕೊಂಡು, ಒಂದು ಹಾಳೆಯ ಮೇಲೆ ಇಂಕ್ ಪೆನ್ನಿನಲ್ಲಿ ಬರೆದು ಹಿಂಬದಿಗೆ ಇಳಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಊರಿನ ಬೈಂಡಿಂಗ್ ಅಂಗಡಿಯಲ್ಲಿ ದಾರದ ಹೊಲಿಗೆ ಹಾಕಿಸಿ, ಕ್ಯಾಲಿಕೊ ರಟ್ಟಿನ ನಾಲ್ಕು ಪುಸ್ತಕ ಮಾಡಿಸಿ. ಬಿಡಿಸಿಟ್ಟರೆ ಅವು ಮೇಜಿನ ಮೇಲೆ ಅಂಗಾತ ಮಲಗಬೇಕು. ಗೆರೆ ಹಾಕಿಸುವುದಾದರೆ ಒತ್ತಕ್ಷರಗಳಿಗೆ ಜಾಗವಿರುವಂತೆ ತುಸು ಅಗಲವಾಗಿ ಹಾಕಿಸಿ. ಒಂದರ ಬದಲು ನಾಲ್ಕು ಏಕೆಂದರೆ, ಹಿಂದೆ ಇನ್ನೂ ಮೂರು ಇವೆ ಎಂದು ಗೊತ್ತಿದ್ದಾಗ ಮೊದಲನೆಯದರಲ್ಲಿ ಕಾಟು ಹಾಕಲು ಕೈ ಹಿಂಜರಿಯುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿ ಕಥೆ ಬರೆಯುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪದಡಿ ಕುಳಿತು ಮೊಬೈಲಿನಲ್ಲೇ ಬರೆಯುತ್ತಾಳೆ. ಮದುವೆಯ ವಾರ್ಷಿಕೋತ್ಸವಕ್ಕೆ ಅವಳ ಕಥೆಗಳನ್ನೆಲ್ಲ ಗುಟ್ಟಾಗಿ ಮುದ್ರಿಸಿ, ಪುಸ್ತಕ ಮಾಡಿ, ನೆಂಟರ ಮುಂದೆ ಕೊಟ್ಟು ಬೆರಗುಗೊಳಿಸಬೇಕೆಂದಿದ್ದೇನೆ. ಹೇಗೆ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಮೊಬೈಲಿನಲ್ಲಿರುವುದರಲ್ಲಿ ಯಾವುದು ಮುಗಿದ ಕಥೆ, ಯಾವುದು ಅರ್ಧದಲ್ಲಿ ಬಿಟ್ಟ ಕರಡು, ಯಾವುದು ಯಾರ ಕಣ್ಣಿಗೂ ಬೀಳಬಾರದ ಬರಹ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಆ ಕಥೆಗಳಲ್ಲಿ ಬರುವ ಅತ್ತೆಯೋ ನಾದಿನಿಯೋ ತಮ್ಮನ್ನೇ ಹೋಲುತ್ತಾರೆಂದು ನೆಂಟರಲ್ಲಿ ಯಾರಿಗಾದರೂ ಅನ್ನಿಸಿದರೆ, ವಾರ್ಷಿಕೋತ್ಸವದ ಊಟ ಯಾರಿಗೂ ರುಚಿಸಲಾರದು.

ನಿಮ್ಮ ಪತ್ರದಲ್ಲೇ ಉಡುಗೊರೆ ಇದೆ, ನೀವು ಗಮನಿಸಿಲ್ಲ. ಅವರು ಬರೆಯುವುದು ಅಡುಗೆಮನೆಯಲ್ಲಿ, ಅದೂ ದಿನದ ಕೆಲಸವೆಲ್ಲ ತೀರಿದ ಮೇಲೆ. ಮನೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಬೆಳಕು ಎಡಗಡೆಯಿಂದ ಬೀಳುವಂತೆ ಒಂದು ದೀಪ (ಅವರು ಎಡಗೈಯಲ್ಲಿ ಬರೆಯುವವರಾದರೆ ಬಲಗಡೆಯಿಂದ) ಇವಿಷ್ಟು ಮೊದಲು ಆಗಲಿ. ಆ ಮೇಜಿನ ಮೇಲೆ ಮಕ್ಕಳ ಟಿಫಿನ್ ಡಬ್ಬಿಯನ್ನೂ ಇಸ್ತ್ರಿಯ ಬಟ್ಟೆಯನ್ನೂ ಇಡಕೂಡದೆಂಬ ಕಟ್ಟಳೆಯನ್ನು ಮಾಡಿ, ಅದನ್ನು ಮೊದಲು ನೀವೇ ಪಾಲಿಸಿ. ಎರಡನೆಯದು ಹೊತ್ತು. ಭಾನುವಾರ ಬೆಳಗ್ಗೆ ಆರರಿಂದ ಹತ್ತರವರೆಗೆ ಮನೆಯ ಹೊಣೆ ನಿಮ್ಮದು ಎಂದುಕೊಳ್ಳಿ. ಉಪ್ಪಿಟ್ಟಿಗೆ ರವೆ ಎಲ್ಲಿದೆ ಎಂದು ಕೇಳಲು ಕೂಡ ಅವರು ಬರೆಯುವ ಕೋಣೆಯ ಬಾಗಿಲು ತಟ್ಟಬಾರದು. ಇದನ್ನು ಒಂದು ಭಾನುವಾರ ಮಾಡಿದರೆ ಉಪಚಾರ, ವರ್ಷದ ಭಾನುವಾರಗಳಷ್ಟೂ ನಡೆಸಿದರೆ ಉಡುಗೊರೆ.

ವಸ್ತುವೇ ಬೇಕೆಂದರೆ ಬ್ಲೂಟೂತ್ ಕೀಲಿಮಣೆ ಕೊಡಬಹುದು. ಹೆಬ್ಬೆರಳುಗಳಿಂದ ಕಥೆ ಕುಟ್ಟುವ ಕಷ್ಟ ತಪ್ಪುತ್ತದೆ. ಅವರ ಬಳಿ ಕಂಪ್ಯೂಟರ್ ಇದ್ದರೆ, ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿಯೂ ಬಳಕೆಯಾಗುವ ಕೀಲಿಮಣೆ ವಿನ್ಯಾಸವನ್ನು ಕಲಿತರೆ ಕನ್ನಡವನ್ನು ಬಹಳ ಬೇಗ ಬರೆಯಬಹುದು. ಮೊಬೈಲಿಗಾದರೆ, ಅದೇ ಮೊಬೈಲನ್ನು ಅಂಗಡಿಗೆ ಒಯ್ದು, ಜೋಡಿಸಿ, ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಅಲ್ಲೇ ಒಂದು ಸಾಲು ಹೊಡೆದು ನೋಡಿದ ಮೇಲೆಯೇ ದುಡ್ಡು ಕೊಡಿ. ಮುದ್ರಿಸುವ ಆಸೆಯನ್ನೂ ಪೂರ್ತಿ ಬಿಡಬೇಕಿಲ್ಲ. ಅವರನ್ನೇ ಕೇಳಿ, ಅವರು ಆರಿಸಿದ ಕಥೆಗಳನ್ನು ಮಾತ್ರ ಝೆರಾಕ್ಸ್ ಅಂಗಡಿಯಲ್ಲಿ ಅಗಲ ಅಂಚು ಬಿಟ್ಟು ಒಂದು ಪ್ರತಿ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಪಕ್ಕದಲ್ಲಿ ಒಂದು ಸೀಸದ ಕಡ್ಡಿ ಇಡಿ. ಪರದೆಯ ಮೇಲೆ ಕಾಣದ ತಪ್ಪುಗಳು ಕಾಗದದ ಮೇಲೆ ಎದ್ದು ಕಾಣುತ್ತವೆ.

ಪ್ರಶ್ನೆ: ಹನ್ನೊಂದು ವರ್ಷದ ಅಕ್ಕನ ಮಗಳು ಚೆನ್ನಾಗಿ ಕಥೆ ಹೇಳುತ್ತಾಳೆ, ಬರೆಯುತ್ತಾಳೆ. ಹೊಸ ವರ್ಷಕ್ಕೆ ಡೈರಿ ಕೊಟ್ಟೆ. ಜನವರಿ 9ರ ನಂತರ ಒಂದು ಪುಟವೂ ತುಂಬಿಲ್ಲ.
– ಓದುಗರು, ಉಡುಪಿ

ಉತ್ತರ: ಒಂಬತ್ತು ದಿನ ಬರೆದದ್ದೇ ದೊಡ್ಡದು. ತಾರೀಖು ಅಚ್ಚಾದ ಡೈರಿಯಲ್ಲಿ ಬಿಟ್ಟುಹೋದ ಪ್ರತಿ ದಿನವೂ ಖಾಲಿ ಪುಟವಾಗಿ ಮುಖಕ್ಕೆ ರಾಚುತ್ತದೆ, ಮಗುವಿಗೆ ಅದು ಮನೆಪಾಠದಂತೆ ಕಾಣುತ್ತದೆ. ತಾರೀಖಿಲ್ಲದ, ಗೆರೆಯೂ ಇಲ್ಲದ, ಹರಿದರೂ ಯಾರೂ ಬೈಯದಷ್ಟು ಅಗ್ಗದ ತೆಳು ಪುಸ್ತಕಗಳ ಕಟ್ಟೊಂದನ್ನು ಕೊಡಿ. ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಹತ್ತು ಲಕೋಟೆಗಳೂ ಅದರೊಳಗಿರಲಿ. ಕಥೆ ಬಂದಾಗ ಕಾಗುಣಿತ ತಿದ್ದಲು ಹೋಗದೆ, ಮುಂದೇನಾಯಿತೆಂದು ಕೇಳಿ ಮರುಟಪಾಲಿಗೆ ಉತ್ತರ ಹಾಕಿ.

ಪ್ರಶ್ನೆ: ಜರ್ಮನಿಯಲ್ಲಿರುವ ಗೆಳೆಯ ಈಗಲೂ ಕನ್ನಡದಲ್ಲೇ ಬರೆಯುತ್ತಾನೆ. ಊರಿಂದ ಏನು ಕಳಿಸಲಿ? ನಿಘಂಟು ಹೇಗೆ?
– ಓದುಗರು, ಮೈಸೂರು

ಉತ್ತರ: ನಿಘಂಟು ಒಳ್ಳೆಯ ಆಯ್ಕೆ, ಆದರೆ ತೂಕ ನೋಡಿಕೊಳ್ಳಿ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳದು. ವಿಮಾನದಲ್ಲಿ ಕಳಿಸಿದರೆ ಸಾಗಣೆಯ ದುಡ್ಡಿಗೆ ಇನ್ನಷ್ಟು ಪುಸ್ತಕ ಬರುತ್ತವೆ. ಪರಿಷತ್ತಿನ ಸಂಕ್ಷಿಪ್ತ ನಿಘಂಟು ಒಂದು ಸಾಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಮರುಮುದ್ರಣಗಳಲ್ಲಿ ಸಿಗುತ್ತದೆ. ಅದನ್ನು ರಚಿಸಿದವರು ಜರ್ಮನಿಯಿಂದ ಬಂದವರಾದ್ದರಿಂದ, ನಿಮ್ಮ ಗೆಳೆಯನ ಕೈಗೆ ಅದು ಸೇರುವುದರಲ್ಲಿ ಒಂದು ಸ್ವಾರಸ್ಯವೂ ಇದೆ. ಪದಗಳ ಅರ್ಥ ಮಾತ್ರ ಬೇಕಾದಾಗ, ನಿಮ್ಮ ಊರಿನದೇ ಭಾರತೀಯ ಭಾಷಾ ಸಂಸ್ಥಾನ ನಡೆಸುವ ‘ಭಾರತವಾಣಿ’ ಜಾಲತಾಣದಲ್ಲಿ ಹಲವು ನಿಘಂಟುಗಳು ಉಚಿತವಾಗಿ ದೊರೆಯುತ್ತವೆ.

ಆದರೆ ದೂರದಲ್ಲಿದ್ದು ಬರೆಯುವವರಿಗೆ ಮೊದಲು ಮಂಕಾಗುವುದು ಆಡುಮಾತಿನ ನೆನಪು, ಯಾವ ನಿಘಂಟೂ ಅದನ್ನು ಮರಳಿಸದು. ಅವರ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ, ಒಪ್ಪಿಗೆ ಕೇಳಿ, ಅವರ ಜಗಲಿಯಲ್ಲಿ ಒಂದು ಗಂಟೆ ಕುಳಿತು, ಹಪ್ಪಳ ಲಟ್ಟಿಸುವುದರ ಬಗ್ಗೆಯೋ ಹಳೆಯ ಮದುವೆಯೊಂದರ ಬಗ್ಗೆಯೋ ಮಾತಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಿ. ನಡುವೆ ಕಾಗೆ ಕೂಗಿದರೂ ಕುಕ್ಕರ್ ಸೀಟಿ ಹೊಡೆದರೂ ಅಳಿಸಬೇಡಿ.

ಪ್ರಶ್ನೆ: ಸಹೋದ್ಯೋಗಿಯ ಮೊದಲ ಕವನ ಸಂಕಲನ ಬಿಡುಗಡೆಯಾಗುತ್ತಿದೆ. ಕಚೇರಿಯವರೆಲ್ಲ ಸೇರಿ ಶಾಲು, ಹಾರ, ಗಾಜಿನ ಸ್ಮರಣಿಕೆ ಕೊಡುವುದೆಂದು ಮಾತಾಗಿದೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಒಂದು ಶಾಲು ಮೈಮೇಲಿರಲಿ, ಅದು ನಮ್ಮ ಪದ್ಧತಿ. ಸ್ಮರಣಿಕೆ ಮಾತ್ರ ಬೇಡ. ಸ್ವಲ್ಪ ಹೆಸರಾದ ಲೇಖಕರ ಮನೆಯಲ್ಲಿ ಅವುಗಳ ಧೂಳು ಒರೆಸುವುದೇ ಒಂದು ಕೆಲಸ. 2021ರಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳಲ್ಲಿ ಹಾರ, ಹೂಗುಚ್ಛಗಳ ಬದಲು ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿತ್ತು. ನೀವು ಆ ಪುಸ್ತಕವನ್ನು ಬೇರೆಲ್ಲೂ ಹುಡುಕಬೇಕಿಲ್ಲ.

ಕವನ ಸಂಕಲನಗಳು ಅಚ್ಚಾಗುವುದೇ ಐನೂರೋ ಸಾವಿರವೋ ಪ್ರತಿ. ಅವುಗಳಲ್ಲಿ ಒಂದು ಪಾಲು ‘ನನಗೊಂದು ಗೌರವ ಪ್ರತಿ ಇಲ್ಲವೇ?’ ಎಂದು ಸಲುಗೆಯಿಂದ ಕೇಳುವವರ ಕೈಗೆ ಹೋಗುತ್ತದೆ. ಹೀಗೆ ಕೇಳದಿರುವುದೇ ಕಚೇರಿಯವರು ಮೊದಲು ಕೊಡಬಹುದಾದ ಉಡುಗೊರೆ. ಸ್ಮರಣಿಕೆಯ ಹಣದಲ್ಲಿ ಎಷ್ಟು ಬರುತ್ತವೋ ಅಷ್ಟು ಪ್ರತಿಗಳನ್ನು ಪೂರ್ತಿ ಬೆಲೆಗೆ ಕೊಂಡು, ಸುತ್ತಲಿನ ಶಾಲೆ, ಗ್ರಂಥಾಲಯಗಳಿಗೆ ಹಂಚಿ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ದಾನ ಮಾಡಿದಳು. ನಿಮಗೆ ಬರೆಯಿಸುವ ಕೆಲಸವೂ ಇಲ್ಲ.

ಒಂದು ಪ್ರತಿಯನ್ನು ನಿಮಗಾಗಿ ಇಟ್ಟುಕೊಂಡು ಓದಿ. ಬಿಡುಗಡೆಯ ದಿನ ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎನ್ನುತ್ತಾರೆ. ಅವರಲ್ಲಿ ಬಹುಪಾಲು ಜನ ಪುಸ್ತಕ ತೆರೆದಿರುವುದಿಲ್ಲವೆಂದು ಕವಿಗೂ ಗೊತ್ತಿರುತ್ತದೆ. ನೀವು ಒಂದು ತಿಂಗಳು ಬಿಟ್ಟು ಒಂದು ಇನ್‌ಲ್ಯಾಂಡ್ ಪತ್ರ ಬರೆಯಿರಿ. ಯಾವ ಸಾಲು ಮನಸ್ಸಿನಲ್ಲಿ ಉಳಿಯಿತು, ಯಾವುದು ಅರ್ಥವಾಗಲಿಲ್ಲ ಎಂಬುದನ್ನು ಪುಟಸಂಖ್ಯೆ ಹಾಕಿ ತಿಳಿಸಿ.