ಪುಣೆಯ ಹಳೆ ಗೋಡೆ ಮೇಲಿನ ಹಳದಿ ಹೂವಿಗೆ ಎರಡು ಕುಟುಂಬ ಯಾಕೆ?

ನಿಮ್ಮ ಪ್ರಶ್ನೆ ಇದು: ಕಸಬಾ ಪೇಟೆಯ ವಾಡೆಯೊಂದರ ಗೋಡೆ ಸಂದಿಯಲ್ಲಿ ಕಂಡ ಪುಟ್ಟ ಹಳದಿ ಹೂವಿಗೆ ಹಳೆ ಪುಸ್ತಕ ಒಂದು ಸಸ್ಯ ಕುಟುಂಬ (ಹತ್ತಿರದ ನಂಟಿನ ಗಿಡಗಳ ದೊಡ್ಡ ಗುಂಪು) ಹೇಳುತ್ತದೆ, ಮೊಬೈಲ್ ಆ್ಯಪ್ ಇನ್ನೊಂದು. ಯಾವುದು ಸರಿ? ಪೇಶ್ವೆ ಕಾಲದ ಗಾರೆ ಕೆಲಸದವರು ಸುಣ್ಣದ ಜೊತೆ ಇದರ ಬೀಜವನ್ನೂ ತಂದರಂತೆ, ನಿಜವೇ?

ನಾನು ಹುಬ್ಬಳ್ಳಿಯವನು. ಪುಣೆಗೆ ಬಂದಾಗಿನಿಂದ ಗೋಡೆ ನೋಡುತ್ತಾ ನಡೆಯೋ ಚಟ. ನೀವು ಹೇಳಿದ ಗಿಡ ಲಿಂಡೆನ್‌ಬರ್ಗಿಯಾ ಮುರಾರಿಯಾ ಇರಬೇಕು. ಲ್ಯಾಟಿನ್‌ನಲ್ಲಿ ಮುರುಸ್ ಅಂದರೆ ಗೋಡೆ. ನಮ್ಮ ಮುರಾರಿಗೂ ಇದಕ್ಕೂ ಸಂಬಂಧ ಇಲ್ಲ! ಹಳೆ ಪುಸ್ತಕಗಳಲ್ಲಿ ಇದೇ ಅರ್ಟಿಸಿಫೋಲಿಯಾ, ಅಂದರೆ ತುರಿಕೆ ಗಿಡದಂಥ ಎಲೆಯದು. ಇಂಡಿಕಾ ಅನ್ನೋದು ಬೇರೆ ಪ್ರಭೇದ, ಆದರೂ ಎಷ್ಟೋ ಫೋಟೋಗಳ ಕೆಳಗೆ ಇಂಡಿಕಾ ಅಂತಲೇ ಬರೆದಿರುತ್ತಾರೆ.

ಕುಟುಂಬದ ಜಗಳಕ್ಕೆ ಕಾರಣ ಹೂವಿನ ಆಕಾರ. ಎರಡು ತುಟಿಯ ಹೂ ಕಂಡರೆ ಹಿಂದಿನವರು ಸ್ಕ್ರಾಫುಲೇರಿಯೇಸಿ ಅನ್ನೋ ಕುಟುಂಬಕ್ಕೆ ಹಾಕುತ್ತಿದ್ದರು. ಅದೊಂದು ದೊಡ್ಡ ಅಟ್ಟ, ಜಾಗ ಸಿಗದ ಸಾಮಾನೆಲ್ಲ ಅಲ್ಲೇ. 1990ರ ದಶಕದಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಆ ಕುಟುಂಬವೇ ಚೂರಾಯಿತು. ಲಿಂಡೆನ್‌ಬರ್ಗಿಯಾ ಹೋಗಿ ಸೇರಿದ್ದು ಒರೊಬ್ಯಾಂಕೇಸಿ ಕುಟುಂಬಕ್ಕೆ. ಜೋಳದ ಬೇರು ಹೀರುವ ಸ್ಟ್ರೈಗಾ, ತಂಬಾಕಿಗೆ ಅಂಟುವ ಒರೊಬ್ಯಾಂಕಿ ಎಲ್ಲ ಅಲ್ಲಿನವೇ. ಕಳ್ಳರ ಮನೆಯಲ್ಲಿ ಇದು ದುಡಿದು ತಿನ್ನೋ ಮಗ. ತನ್ನ ಹಸಿರೆಲೆಯಿಂದ ತಾನೇ ಬದುಕುತ್ತದೆ, ಯಾರ ಬೇರನ್ನೂ ಮುಟ್ಟುವುದಿಲ್ಲ. ಪರಾವಲಂಬಿ ಗಿಡಗಳು ಏನೇನು ಕಳೆದುಕೊಂಡವು ಅಂತ ತಿಳಿಯಲು ವಿಜ್ಞಾನಿಗಳು ಇದರ ಕುಲದ, ಅಂದರೆ ಲಿಂಡೆನ್‌ಬರ್ಗಿಯಾ ಹೆಸರಿನ ಗಿಡಗಳನ್ನೇ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಾಗಾಗಿ ಈಗಿನ ಲೆಕ್ಕದಲ್ಲಿ ನಿಮ್ಮ ಆ್ಯಪ್ ಸರಿ.

ಪೇಶ್ವೆ ಕಥೆ ನಾನು ನಂಬಲ್ಲ. ಈ ಕುಲ ಈಶಾನ್ಯ ಆಫ್ರಿಕಾದಿಂದ ಅರೇಬಿಯಾ, ಭಾರತ ದಾಟಿ ಚೀನಾವರೆಗೂ ಹರಡಿದೆ. ಪೇಶ್ವೆಗಳ ಅರಮನೆ ಶನಿವಾರವಾಡೆಗೆ ಪಾಯ ಹಾಕಿದ್ದು 1730ರಲ್ಲಿ. ಗೋಡೆ ಕಟ್ಟುವ ಮೊದಲೂ ಗಿಡ ಬಂಡೆ ಸಂದಿಯಲ್ಲಿ ಇತ್ತು, ಅಷ್ಟೇ. ಬ್ರಿಟನ್‌ನಲ್ಲೂ ಎರೈನಸ್ ಆಲ್ಪಿನಸ್ ಅನ್ನೋ ಸುಣ್ಣಪ್ರಿಯ ಹೂವನ್ನು ರೋಮನ್ ಸೈನಿಕರು ತಂದರು ಅಂತ ಕಥೆ ಕಟ್ಟಿದ್ದಾರೆ. ಅದನ್ನೂ ಸ್ಕ್ರಾಫುಲೇರಿಯೇಸಿಯಿಂದ ಹೊರಗೆ ಹಾಕಿಯಾಗಿದೆ, ನೋಡಿ.

ಇನ್ನು ಇದಕ್ಕೆ ಸುಣ್ಣವೇ ಬೇಕಾ? ಪುಣೆಯ ನೆಲವೆಲ್ಲ ಕಪ್ಪು ಬಸಾಲ್ಟ್, ಸುಣ್ಣಕಲ್ಲಲ್ಲ. ಸುಣ್ಣ ಇರುವುದು ಗಾರೆಯಲ್ಲಿ. ನನಗನಿಸೋದು, ಇದಕ್ಕೆ ಬೇಕಾದ್ದು ಮೆತ್ತಗಿರುವ ಸಂದಿ. ಸುಣ್ಣದ ಗಾರೆ ವರ್ಷಗಳು ಕಳೆದಂತೆ ಉದುರುತ್ತದೆ, ಮಳೆ ನೀರು ಹಿಡಿಯುತ್ತದೆ, ಪುಡಿಯಂಥ ಬೀಜ ಅಲ್ಲಿ ಕೂರುತ್ತದೆ. ನಾನಿರುವ ಮನೆಯ ಹಿಂದಿನ ಗೋಡೆಯ ಸಂದಿಗಳಿಗೆ ಸಿಮೆಂಟ್ ತುಂಬಿದ ಮೇಲೆ ಅಲ್ಲಿ ಒಂದು ಗಿಡವೂ ಬಂದಿಲ್ಲ. ಪಕ್ಕದ ವಾಡೆಯಲ್ಲಿ ಸಿಮೆಂಟ್ ಮುಟ್ಟಿಸಿಲ್ಲ, ಅಲ್ಲಿ ಈ ಸಲವೂ ಸಾಲಾಗಿ ಅರಳಿದೆ.