ಆಟೋಕ್ರಾಸ್‌ಗೆ ಮಾಮೂಲಿ ಟೈರ್‌ನಲ್ಲಿ ಗಾಳಿ ಎಷ್ಟಿರಬೇಕು?

ನಿಮ್ಮ ಪ್ರಶ್ನೆ ಇಷ್ಟು: ಊರು ಕಲಬುರಗಿ, ಕಾರು ಸ್ವಿಫ್ಟ್, ದಿನಾ ಓಡಾಡುವ ಟೈರ್‌ಗಳಲ್ಲೇ ಡಾಂಬರಿನ ಮೇಲೆ ಕೋನ್ ಇಟ್ಟು ಆಟೋಕ್ರಾಸ್ (ಕೋನ್‌ಗಳ ಸುತ್ತ ಗಡಿಯಾರ ಹಿಡಿದು ಕಾರು ಓಡಿಸುವ ಸ್ಪರ್ಧೆ) ಓಡಿಸಬೇಕು, ಗಾಳಿ ಎಷ್ಟು ಹಾಕಲಿ?

ಮುಂದೆ 38, ಹಿಂದೆ 35 ಪಿಎಸ್ಐ (ಟೈರ್ ಗಾಳಿಯ ಒತ್ತಡದ ಅಳತೆ) ಹಾಕಿ ಶುರು ಮಾಡಿ. ನಾನೂ ಇದೇ ಊರಿನವನು, ನನ್ನದೂ ಮುಂದಿನ ಚಕ್ರ ಎಳೆಯುವ ಸಣ್ಣ ಕಾರು. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ 30ರ ಆಸುಪಾಸು ಬರೆದಿರುತ್ತದೆ. ಅದು ಹುಮನಾಬಾದಿಗೆ ಆರಾಮಾಗಿ ಹೋಗಿ ಬರುವವರಿಗೆ ಸರಿ. ಕೋನ್ ಸುತ್ತ ಜೋರಾಗಿ ತಿರುಗಿಸಿದರೆ ಭಾರ ಬಂದು ಬೀಳುವುದು ಹೊರಮಗ್ಗುಲಿನ ಮುಂದಿನ ಟೈರ್ ಮೇಲೆ. ಗಾಳಿ ಸಾಲದಿದ್ದರೆ ಅದು ಮಡಚಿಕೊಂಡು ಸೈಡ್‌ವಾಲ್ (ಟೈರ್‌ನ ಪಕ್ಕದ ಭಾಗ) ಮೇಲೇ ಓಡುತ್ತದೆ. ಹಿಡಿತವೂ ಹೋಯಿತು, ಟೈರೂ ಹೋಯಿತು.

38 ಸರಿಯೋ ತಪ್ಪೋ ಅನ್ನುವುದನ್ನು ಟೈರೇ ಹೇಳುತ್ತದೆ. ಸೀಮೆಸುಣ್ಣ ತಗೊಳ್ಳಿ, ಅದೇ ನಮ್ಮ ಖಡು. ಟೈರ್ ನೆಲಕ್ಕೆ ತಾಗುವ ಭಾಗದ ಅಂಚಿನಿಂದ ಸೈಡ್‌ವಾಲ್ ಕಡೆಗೆ ಎರಡು ಬೆರಳು ಅಗಲ ಪಟ್ಟೆ ಬಳಿಯಿರಿ, ಸುತ್ತ ಮೂರು ಕಡೆ. ಒಂದು ರನ್ ಮುಗಿಸಿ ಬಂದು ನೋಡಿ. ಹೆಚ್ಚಿನ ಟೈರ್‌ಗಳಲ್ಲಿ ಅಂಚಿನ ಹತ್ತಿರ ಒಂದು ಪುಟ್ಟ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅಲ್ಲಿವರೆಗೆ ಅಳಿಸಿದ್ದರೆ ಸರಿಯಿದೆ. ಅದನ್ನೂ ದಾಟಿ ಕೆಳಗೆ ಅಳಿಸಿದ್ದರೆ 2 ಪಿಎಸ್ಐ ಏರಿಸಿ. ಅಂಚಿನಲ್ಲೇ ಸುಣ್ಣ ಉಳಿದಿದ್ದರೆ 2 ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕೂ ಟೈರ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ.

ಇನ್ನು ನಮ್ಮ ಬಿಸಿಲಿನ ವಿಷಯ. ಮೊದಲ ಸಲ ನಾನು ಬೆಳಿಗ್ಗೆ ಆರಕ್ಕೇ 36 ತುಂಬಿಸಿ, ಕೆಲಸ ಮುಗೀತು ಅಂದುಕೊಂಡೆ. ಹನ್ನೊಂದರ ಹೊತ್ತಿಗೆ ಮುಂಭಾಗ ಮಂಜುಗಡ್ಡೆ ಮೇಲೆ ಇದ್ದ ಹಾಗೆ ಜಾರತೊಡಗಿತು. ಅಳೆದರೆ 43! ಟೈರ್ ಬಿಸಿ ಹೆಚ್ಚುಕಡಿಮೆ 6 ಡಿಗ್ರಿ ಏರಿದರೆ 1 ಪಿಎಸ್ಐ ಏರುತ್ತದೆ. ಬೆಳಿಗ್ಗೆ 22 ಡಿಗ್ರಿ ಇದ್ದ ಟೈರ್ ಬಿಸಿಲು, ಡಾಂಬರು, ತಿಕ್ಕಾಟ ಸೇರಿ 60 ದಾಟುವುದು ನಮ್ಮಲ್ಲಿ ದೊಡ್ಡ ಮಾತಲ್ಲ. ಆದ್ದರಿಂದ ಮೇಲೆ ಹೇಳಿದ ಸುಣ್ಣದ ಲೆಕ್ಕವೆಲ್ಲ ಬಿಸಿ ಟೈರ್‌ನದು. ರನ್ ಮುಗಿದ ತಕ್ಷಣ ಅಳೆಯಿರಿ, ಏರಿದಷ್ಟು ಗಾಳಿಯನ್ನು ಹೊರಗೆ ಬಿಟ್ಟು ಮೊದಲಿನ ಅಂಕಿಗೆ ತನ್ನಿ. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ. ಒಂದು ಮಗ್ಗುಲಿಗೇ ಬಿಸಿಲು ಬಿದ್ದರೆ ಆ ಕಡೆಯ ಎರಡು ಟೈರ್‌ಗಳಲ್ಲಿ ಮಾತ್ರ ಒತ್ತಡ ಜಾಸ್ತಿಯಾಗಿರುತ್ತದೆ. ನಾವು ತೊಗರಿಗೆ ಎಣ್ಣೆ ಹೊಡೆಯುವ ಕೈಪಂಪಿನಲ್ಲಿ ಟೈರ್‌ಗೆ ನೀರು ಸಿಂಪಡಿಸುತ್ತೇವೆ. ಹೊಸ ಪಂಪು ಮಾರಾಯ್ರೆ, ಹೊಲದಿಂದ ತಂದದ್ದಲ್ಲ.

ಗೇಜ್ ಮಾತ್ರ ನಿಮ್ಮದೇ ಇರಲಿ. ಒಂದು ಪಂಕ್ಚರ್ ಅಂಗಡಿಯ ಮೀಟರ್ ನನಗೆ 4 ಪಿಎಸ್ಐ ಕಡಿಮೆ ತೋರಿಸುತ್ತಿತ್ತು. ಗೊತ್ತಾಗಿದ್ದು ಒಂದು ತಿಂಗಳ ಮೇಲೆ.

ಸುಣ್ಣ ಸರಿ ಬಂದ ಮೇಲೆ ಹಿಂದಿನ ಟೈರ್ ಜೊತೆ ಆಟ ಆಡಬಹುದು. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ ಹಿಂದೆ 2 ಏರಿಸಿ. ಹಿಂಭಾಗದ ಹಿಡಿತ ಸ್ವಲ್ಪ ಸಡಿಲವಾಗಿ ಮೂತಿ ಒಳಗೆ ತಿರುಗುತ್ತದೆ. ಹಿಂಭಾಗವೇ ಬಾಲ ಬೀಸತೊಡಗಿದರೆ ವಾಪಸ್ ಇಳಿಸಿ. ನಾನು ಹಿಂದೆ 40ರ ತನಕ ಹೋಗಿ ಎರಡು ಕೋನ್ ಹೊತ್ತುಕೊಂಡು ಬಂದಿದ್ದೇನೆ. ಸೈಡ್‌ವಾಲ್ ಮೇಲೆ ಅಚ್ಚು ಹಾಕಿರುವ ಗರಿಷ್ಠ ಒತ್ತಡವನ್ನಂತೂ ಮೀರಬೇಡಿ. ನೈಟ್ರೋಜನ್ ಗಾಳಿಗೆ ಸುಮ್ನೆ ದುಡ್ಡು ಕೊಡಬೇಡಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದಿದೆ.

ರಿಂಗ್ ರೋಡಿನಲ್ಲಿ ಇದನ್ನೆಲ್ಲ ಮಾಡಬೇಡಿ. ಅನುಮತಿ ಪಡೆದ, ಸುತ್ತ ಜನ ಬಾರದ ಜಾಗ, ತಲೆಗೆ ಹೆಲ್ಮೆಟ್, ಇಷ್ಟು ಬೇಕೇ ಬೇಕು. ಬಿಸಿಯಲ್ಲಿ ಗಾಳಿ ಬಿಟ್ಟ ಟೈರ್ ಮರುದಿನ ಬೆಳಿಗ್ಗೆ ನಾವು ಅಂದುಕೊಂಡಿದ್ದಕ್ಕಿಂತ ಇಳಿದಿರುತ್ತದೆ. ಸೋಮವಾರ ಆಫೀಸಿಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ, ಸ್ಟಿಕ್ಕರ್‌ನಲ್ಲಿ ಇರುವಷ್ಟು ತುಂಬಿಕೊಳ್ಳಿ.