ಮೊದಲ ವರ್ಷವೇ ಒಂಬತ್ತು ಸೋಲು: ಮಗ ತಂಡ ಬಿಡಬೇಕೇ?

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಅಮೆರಿಕದ ಓಹಿಯೊದಲ್ಲಿದ್ದೇವೆ. ಮಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಾನೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡದಲ್ಲಿ ವಾಕ್-ಆನ್ ಕಿಕ್ಕರ್, ಅಂದರೆ ವಿದ್ಯಾರ್ಥಿವೇತನ ಇಲ್ಲದೆ ಆಡುವ, ಚೆಂಡನ್ನು ಗುರಿಕಂಬಗಳ ನಡುವೆ ಒದೆಯುವವನು. ಈ ವರ್ಷ ಹೊಸ ಮುಖ್ಯ ಕೋಚ್ ಬಂದರು. 12 ಪಂದ್ಯಗಳಲ್ಲಿ 3 ಗೆಲುವು, 9 ಸೋಲು. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರ ಪಟ್ಟಿಗೆ, ಹೆಸರು ಕೊಡುತ್ತಿದ್ದಾರೆ. ಇವನೂ ಹೋಗುತ್ತೇನೆ ಎನ್ನುತ್ತಾನೆ. ಈ ಕೋಚ್‌ನಿಂದ ಏನೂ ಆಗದು ಎಂದು ನಮ್ಮ ಯಜಮಾನರೂ ಅವನ ಮಾತಿಗೆ ತಾಳ ಹಾಕುತ್ತಿದ್ದಾರೆ. ನನಗೆ ಆಟವೇ ಸರಿಯಾಗಿ ತಿಳಿಯದು. ಏನು ಹೇಳಲಿ?
— ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರ ಓದುತ್ತಲೇ ನನಗೆ 1992ರ ಚಳಿಗಾಲ ನೆನಪಾಯಿತು. ಆಗ ನಾನು ಬ್ಲ್ಯಾಕ್ಸ್‌ಬರ್ಗ್‌ನ ವರ್ಜೀನಿಯಾ ಟೆಕ್‌ನಲ್ಲಿ ಓದುತ್ತಿದ್ದೆ. ಆ ವರ್ಷ ನಮ್ಮ ತಂಡ ಗೆದ್ದದ್ದು ಎರಡೇ ಪಂದ್ಯ. ಎಂಟು ಸೋಲು, ಒಂದು ಸಮ. ರಟ್ಗರ್ಸ್ ಎದುರು ಕೊನೆಯ ಎಸೆತದಲ್ಲಿ 50-49ರಿಂದ ಸೋತೆವು. ಕೋಚ್ ಫ್ರ್ಯಾಂಕ್ ಬೀಮರ್ ಅವರನ್ನು ಮನೆಗೆ ಕಳುಹಿಸಿ ಎಂಬ ಮಾತು ಹಾಸ್ಟೆಲ್ಲಿನ ಊಟದ ಮೇಜಿನವರೆಗೂ ಬಂದಿತ್ತು. ಅವರೂ 1987ರ ಮೊದಲ ವರ್ಷದಲ್ಲಿ ಎರಡು ಗೆದ್ದು ಒಂಬತ್ತು ಸೋತವರೇ.

ತಂಡದ ಒಬ್ಬ ಹುಡುಗನಿಗೆ ನಾನು ಸೋಮವಾರ ಬೆಳಿಗ್ಗೆ ಗಣಿತ ಹೇಳಿಕೊಡುತ್ತಿದ್ದೆ. ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನು. ಬೆರಳುಗಳಿಗೆ ಬಿಳಿ ಟೇಪು ಸುತ್ತಿಕೊಂಡೇ ಬರುತ್ತಿದ್ದ. ಪೆನ್ಸಿಲ್ ಹಿಡಿಯಲು ಆಗದೆ ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಸೋತ ಮರುವಾರ ಸಮಾಧಾನ ಹೇಳಲು ಹೋದರೆ, ಅವನು ಸೋಲಿನ ಮಾತೇ ಎತ್ತಲಿಲ್ಲ. "ನನ್ನ ಮೊದಲ ಹೆಜ್ಜೆ ಆರು ಇಂಚು ಹೆಚ್ಚು ಬಲಕ್ಕೆ ಹೋಗುತ್ತಿದೆ" ಎಂದು ನೋಟ್ ಪುಸ್ತಕದ ಅಂಚಿನಲ್ಲಿ ಎರಡು ಪಾದ ಬರೆದು ತೋರಿಸಿದ. ಆ ತಂಡದಲ್ಲಿ ಯಾರೋ ಅವನಿಗೆ ಇಷ್ಟು ಸೂಕ್ಷ್ಮವಾಗಿ ಕಲಿಸುತ್ತಿದ್ದಾರೆ ಎಂದು ಆವತ್ತು ನನಗೆ ಖಾತರಿಯಾಯಿತು. ವಿಶ್ವವಿದ್ಯಾಲಯ ಬೀಮರ್ ಅವರನ್ನು ಉಳಿಸಿಕೊಂಡಿತು. ಅವರು ಸಹಾಯಕರಲ್ಲಿ ಕೆಲವರನ್ನು ಬದಲಿಸಿದರು. ಮರುವರ್ಷ ಒಂಬತ್ತು ಗೆಲುವು. 1993ರಿಂದ ನಿವೃತ್ತರಾದ 2015ರವರೆಗೆ ಅವರ ತಂಡ ಒಂದು ವರ್ಷವೂ ತಪ್ಪದೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ, ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹವಾಯಿತು.

ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 1989ರಲ್ಲಿ ಕೋಚ್ ಆಗಿ ಬಂದ ಬಿಲ್ ಸ್ನೈಡರ್ ಕೂಡ ಮೊದಲ ವರ್ಷ ಒಂದೇ ಪಂದ್ಯ ಗೆದ್ದರು. ಅದಕ್ಕೂ ಹಿಂದಿನ ಎರಡು ವರ್ಷ ಆ ತಂಡಕ್ಕೆ ಒಂದು ಗೆಲುವೂ ಇರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಗೆಲುವು ಐದಕ್ಕೆ, ಆಮೇಲೆ ಏಳಕ್ಕೆ ಏರಿತು.

ಹಾಗೆಂದು ಕಾದವರಿಗೆಲ್ಲ ಫಲ ಸಿಕ್ಕಿದೆ ಎಂದು ನಾನು ಹೇಳಲಾರೆ. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡವನ್ನು ಒಂದೂ ಸೋಲಿಲ್ಲದೆ ನಡೆಸಿದ ಸ್ಕಾಟ್ ಫ್ರಾಸ್ಟ್, ಮರುವರ್ಷ ನೆಬ್ರಾಸ್ಕಾಕ್ಕೆ ಬಂದು ನಾಲ್ಕು ಗೆದ್ದು ಎಂಟು ಸೋತರು. 2021ರಲ್ಲಿ ಒಂಬತ್ತು ಸೋಲು, ಎಲ್ಲವೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದವು. ಸ್ವಲ್ಪದರಲ್ಲಿ ತಪ್ಪಿತು ಎಂಬ ಮಾತು ಮೊದಲ ವರ್ಷ ಭರವಸೆ. ನಾಲ್ಕನೇ ವರ್ಷವೂ ಅದೇ ಮಾತಾದರೆ ರೋಗ. 2022ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದರು.

ನಿಮ್ಮ ಮಗನ ಕೋಚ್ ಯಾವ ಸಾಲಿನವರು ಎಂಬುದು 3-9 ಎಂಬ ಲೆಕ್ಕದಿಂದ ಗೊತ್ತಾಗದು. ಮೊದಲ ವರ್ಷ ಅವರು ಆಡಿಸುವುದು ಬಹುಪಾಲು ಹಿಂದಿನ ಕೋಚ್ ಆರಿಸಿದ ಹುಡುಗರನ್ನೇ. ಯಜಮಾನರಿಗೆ ಇಷ್ಟನ್ನು ಹೇಳಿ.

ಇನ್ನು ಮಗನ ವಿಚಾರ. ಕಾಲೇಜು ಬದಲಿಸಿದವರು ಮೊದಲೆಲ್ಲ ಒಂದು ವರ್ಷ ಆಡದೆ ಕೂರಬೇಕಿತ್ತು; 2021ರಲ್ಲಿ ಮೊದಲ ಬದಲಾವಣೆಗೆ ಆ ಕಟ್ಟನ್ನು ತೆಗೆದರು. ದಾರಿ ಸುಲಭವಾಗಿದೆ. ಆದರೆ ಕಿಕ್ಕರ್‌ನ ಕೆಲಸ ಒಂಟಿ ಕೆಲಸವಲ್ಲ. ಒಬ್ಬ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಮಂಡಿಯೂರಿ ಹಿಡಿದು ನೆಲಕ್ಕೆ ನಿಲ್ಲಿಸಿ ದಾರದ ಹೊಲಿಗೆ ಮುಂದಕ್ಕೆ ಬರುವಂತೆ ತಿರುಗಿಸುತ್ತಾನೆ, ಮೂರನೆಯವನು ಒದೆಯುತ್ತಾನೆ. ಇಷ್ಟೂ ಮುಗಿಯುವುದು ಒಂದೂಕಾಲು ಸೆಕೆಂಡಿನ ಆಸುಪಾಸಿನಲ್ಲಿ. ಆ ಮೂವರ ಲಯ ಕೂಡಲು ತಿಂಗಳುಗಳೇ ಬೇಕು. ಮುಂದಿನ ವರ್ಷ ಚೆಂಡು ಎಸೆಯುವವನೂ ಹಿಡಿಯುವವನೂ ಇಲ್ಲೇ ಇರುತ್ತಾರೆಯೇ ಎಂದು ಕೇಳಿ. ಒದೆತ ಕಲಿಸುವ ಸಹಾಯಕ ಕೋಚ್ ಉಳಿದಿದ್ದಾರೆಯೇ? ಸೆಪ್ಟೆಂಬರ್‌ನಲ್ಲಿ ತಪ್ಪುತ್ತಿದ್ದ ದೂರದಿಂದ ಅವನು ನವೆಂಬರ್‌ನಲ್ಲಿ ಗುರಿ ಮುಟ್ಟಿಸಿದನೇ? ಮುಟ್ಟಿಸಿದ್ದರೆ ಅಲ್ಲಿ ಕಲಿಕೆ ನಡೆದಿದೆ. ನಾನಾಗಿದ್ದರೆ ಇನ್ನೊಂದು ವರ್ಷ ಇರು ಎನ್ನುತ್ತಿದ್ದೆ. ಇಲ್ಲವಾದರೆ, ಹೋಗುವುದರಲ್ಲಿ ತಪ್ಪಿಲ್ಲ.

ಪೋರ್ಟಲ್‌ನಲ್ಲಿ ಹೆಸರು ಬಂದ ಮೇಲೆ ಈಗಿನ ತಂಡ ಅವನನ್ನು ಮತ್ತೆ ಸೇರಿಸಿಕೊಳ್ಳಲೇಬೇಕೆಂದಿಲ್ಲ. ಹಾಗಾಗಿ ಅದಕ್ಕೂ ಮೊದಲು ಅವನೇ ಮುಖ್ಯ ಕೋಚ್‌ನ ಕೋಣೆಗೆ ಹೋಗಿ, "ಮುಂದಿನ ವರ್ಷ ನನ್ನ ಜಾಗ ಯಾವುದು?" ಎಂದು ನೇರವಾಗಿ ಕೇಳಲಿ. ಒಬ್ಬನೇ ಹೋಗಲಿ. ಯಜಮಾನರು ಕಾರಿನಲ್ಲೇ ಕುಳಿತಿರಲಿ.